ನಿವೃತ್ತಿಯ ನಂತರ ವಾಸಿಸುವ ಊರು

ಪಿಂಚಣಿ ಕಾಗದಗಳ ಜೊತೆ ಬಂದ ಆ ಫಾರಂನಲ್ಲಿ ಒಂಬತ್ತು ಅಂಕಣಗಳಿದ್ದವು. ಎಂಟನ್ನು ಕೂತ ಕಡೆಯೇ ತುಂಬಿದೆ. ಒಂಬತ್ತನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು. ನಿವೃತ್ತಿಯ ನಂತರ ನೀವು ವಾಸಿಸುವ ಊರು ಯಾವುದು, ಪೂರ್ಣ ವಿಳಾಸ ಬರೆಯಿರಿ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು.

ಇದು ಎಂಬತ್ತರ ದಶಕದ ಮಾತು. ಆಗ ನಾನು ಅಂಚೆಯಲ್ಲಿ ಮೇಲ್ ಓವರ್‌ಸಿಯರ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿ ಅಂಚೆ ಕಚೇರಿಗಳನ್ನು ಸರದಿಯ ಮೇಲೆ ತಪಾಸಣೆ ಮಾಡುವುದು ನನ್ನ ಕೆಲಸ. ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಹೋಗುವುದು, ಹೋಬಳಿಯಲ್ಲಿ ಇಳಿದು ಹಳ್ಳಿಹಳ್ಳಿ ತಿರುಗುವುದು. ಕಾಗದ ಸರಿಯಾದ ಮನೆಗೆ ತಲುಪಿತೇ, ಮನಿಯಾರ್ಡರ್ ಹಣವನ್ನು ಹೆಸರಿದ್ದವರ ಕೈಗೇ ಕೊಟ್ಟರೇ ಎಂದು ಮನೆ ಬಾಗಿಲಿಗೆ ಹೋಗಿ ಕೇಳುವುದು. ನಡುನಡುವೆ ಸುಮ್ಮನೆ ಒಂದು ಪರೀಕ್ಷೆ ಕಾರ್ಡು ಹಾಕುತ್ತಿದ್ದೆವು. ಅದು ಎಷ್ಟು ದಿನಕ್ಕೆ, ಯಾವ ದಾರಿಯಲ್ಲಿ ತಲುಪಿತು ಎಂದು ನೋಡುವುದಕ್ಕೆ. ಒಂದು ವಿಳಾಸದಲ್ಲಿ ಒಬ್ಬ ಮನುಷ್ಯ ನಿಜವಾಗಿಯೂ ಇದ್ದಾನೆಯೇ ಎಂದು ಖಾತ್ರಿ ಮಾಡಿಕೊಳ್ಳುವುದೇ ನಾನು ಜೀವಮಾನವಿಡೀ ಮಾಡಿದ ಕೆಲಸ ಅನ್ನಬಹುದು.

ಆ ವರ್ಷದ ಡೈರಿ ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೈರಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಾರಕ್ಕೊಮ್ಮೆ ಅದನ್ನು ಇನ್ಸ್‌ಪೆಕ್ಟರಿಗೆ ಒಪ್ಪಿಸಬೇಕಿತ್ತು. ಆರು ದಿನದ ಸಂಗತಿಯನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಂದೇ ಸಲಕ್ಕೆ ಬರೆದದ್ದು ಎಷ್ಟೋ. ಹಾಗೆ ಬರೆದ ಪುಟಗಳೇ ಹೆಚ್ಚು ಅಚ್ಚುಕಟ್ಟಾಗಿವೆ. ಗೀಚಿ, ಹೊಡೆದು ಹಾಕಿ, ಬೆವರು ಬಿದ್ದು ಮಸಿ ಹರಡಿದ ಪುಟಗಳ ಮೇಲೆ ನನಗೆ ನಂಬಿಕೆ. ಈ ನಾಲ್ಕು ತಿಂಗಳ ಪುಟಗಳು ಬಹುಮಟ್ಟಿಗೆ ಹಾಗೇ ಇವೆ.

ಫಾರಂ ಯಾಕೆ ಮುಖ್ಯವಾಯಿತು ಎಂದರೆ, ನನ್ನ ಹೆಂಡತಿಯ ಹೊಟ್ಟೆಯಲ್ಲಿ ಕಲ್ಲುಗಳಿದ್ದವು. ಬಲಪಕ್ಕೆಯಲ್ಲಿ ನೋವು ಹುಟ್ಟಿ ಬೆನ್ನಿಗೆ ಇರಿಯುತ್ತಿತ್ತು. ವಾಂತಿಯಾಗುತ್ತಿತ್ತು. ಎರಡು ವರ್ಷ ಅದನ್ನು ವಾಯು ಅಂದುಕೊಂಡು ಓಮದ ಕಷಾಯ ಕುಡಿದಳು. ಮಧುಗಿರಿ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅನುಮಾನಪಟ್ಟು ತುಮಕೂರಿಗೆ ಕಳಿಸಿದರು. ಹಿಂದಿನ ದಿನ ಬಣ್ಣದ ಮಾತ್ರೆ ನುಂಗಿಸಿ, ಬೆಳಿಗ್ಗೆ ಎಕ್ಸ್‌ರೇ ತೆಗೆದರು. ಪಿತ್ತಕೋಶದಲ್ಲಿ ಹುರುಳಿಕಾಳಿನಂಥ ಆರೇಳು ಕಲ್ಲು ಕಂಡವು. ಆಪರೇಷನ್ ಆಗಲೇಬೇಕು ಅಂದರು.

ಅವಳು ಗೌಡಗೆರೆ ಕಡೆಯ ಕುರಿ ಸಾಕುವ ಮನೆಯವಳು. ಪಿತ್ತದ ಚೀಲ ಅಂದರೆ ಏನೆಂದು ಡಾಕ್ಟರು ವಿವರಿಸಬೇಕಾಗಲಿಲ್ಲ.

"ಮರಿ ಕುಯ್ದಾಗ ನೋಡಿಲ್ವಾ ಸ್ವಾಮಿ. ಅದು ಒಡದ್ರೆ ಬಾಡೆಲ್ಲಾ ಕಯ್ಯಿ. ಒಡೀದಂಗೆ ತಗಿಯೋ ಕೈ ಇರೋರು ಯಾರವ್ರೆ ಹೇಳಿ, ಬತ್ತೀನಿ" ಅಂದಳು.

ಡಾಕ್ಟರು ನಕ್ಕರು. ಅವಳು ನಗಲಿಲ್ಲ.

ಕೆಲಸದಲ್ಲಿರುವವರೆಗೆ ನಮ್ಮ ಮನೆಯವರ ಆಸ್ಪತ್ರೆ ಖರ್ಚನ್ನು ಸರ್ಕಾರ ಭರಿಸುತ್ತಿತ್ತು. ನಿವೃತ್ತಿಯ ಮಾರನೆಯ ದಿನದಿಂದ ಅದಿಲ್ಲ. ಬದಲಿಗೆ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಕಾರ್ಡು ಮಾಡಿಸಿಕೊಳ್ಳಬಹುದಿತ್ತು. ವಂತಿಗೆ ಕಟ್ಟಿದರೆ ಗಂಡಹೆಂಡತಿ ಇಬ್ಬರಿಗೂ ಸಾಯುವವರೆಗೆ ಔಷಧಿ, ಆಸ್ಪತ್ರೆ ಎಲ್ಲವೂ. ಆದರೆ ಆ ಯೋಜನೆಯ ದವಾಖಾನೆಗಳು ಇದ್ದದ್ದು ದೊಡ್ಡ ನಗರಗಳಲ್ಲಿ. ನಮಗೆ ಹತ್ತಿರದ್ದು ಬೆಂಗಳೂರು. ಬೆಂಗಳೂರಿನಲ್ಲಿ ವಾಸವಾಗಿರುವವರಿಗೆ ಮಾತ್ರ ಕಾರ್ಡು. ಆ ಫಾರಂ ಈ ಕಾರ್ಡಿನದು; ಒಂಬತ್ತನೆಯ ಅಂಕಣ ಕೇಳುತ್ತಿದ್ದದ್ದು ಇದನ್ನೇ.

ನಮ್ಮ ಕಚೇರಿಯ ಹೆಡ್ ಕ್ಲಾರ್ಕು ಫಾರಂ ನೋಡಿ, "ಏನ್ರೀ ಓವರ್‌ಸಿಯರ್ರೇ, ಇದಕ್ಕೆ ಇಷ್ಟು ಯೋಚನೇನಾ? ಬೆಂಗಳೂರಲ್ಲಿ ನಿಮಗೆ ಯಾರೂ ಇಲ್ವಾ?" ಅಂದರು.

"ಭಾಮೈದ ಇದಾನೆ."

"ಮತ್ತೆ? ಅವನ ಮನೆ ವಿಳಾಸ ಬರೀರಿ. ಕಾರ್ಡು ಬರುತ್ತೆ. ತಿಂಗಳಿಗೊಂದ್ಸಲ ಹೋಗಿ ಮಾತ್ರೆ ತಗೊಂಡು ಬನ್ನಿ. ಯಜಮಾನ್ತಿ ಆಪರೇಷನ್ನೂ ನಿಧಾನಕ್ಕೆ ಅಲ್ಲೇ ಮಾಡಿಸಿ. ಎಲ್ಲರೂ ಮಾಡೋದೇ ಇದು."

ಎಲ್ಲರೂ ಎಂದದ್ದು ಸುಳ್ಳಲ್ಲ. ಆ ವಾರ ತಪಾಸಣೆಗೆ ಹೋದ ಕಡೆಯೆಲ್ಲ ಇದೇ ಸಲಹೆ. ಬರಗೂರಿನಿಂದ ಆಚೆ ಒಂದು ಹಳ್ಳಿಯಲ್ಲಿ, ಅಂಗಡಿಯ ಮೂಲೆಯಲ್ಲೇ ಅಂಚೆ ಕಚೇರಿ ನಡೆಸುತ್ತಿದ್ದ ಬ್ರಾಂಚ್ ಪೋಸ್ಟ್‌ಮಾಸ್ಟರು ಕಡ್ಲೆಕಾಯಿ ಸುಲಿದು ಕೊಡುತ್ತ ಅಂದ: "ಸರ್ಕಾರ ಅಡ್ರೆಸ್ಸು ಕೇಳ್ತದೆ ಸಾ, ನೀವು ಮಲಗೋ ಚಾಪೆ ಕೇಳ್ತದಾ? ಬರ್ದಾಕ್ಬುಡಿ ಅತ್ಲಾಗೆ."

ಭಾಮೈದನೂ ಬಂದವನೇ, "ಭಾವ, ನಮ್ಮನೆ ನಿಮ್ಮನೆ ಅಲ್ವಾ? ಬರ್ಕಳಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಸೀಸದಕಡ್ಡಿಯಲ್ಲಿ ಅವನ ವಿಳಾಸ ಬರೆದೆ. ಶಾಯಿಯಲ್ಲಿ ಆಮೇಲೆ ತಿದ್ದಿದರಾಯಿತು ಅಂದುಕೊಂಡೆ.

ಸೀಸದಕಡ್ಡಿ ಹಿಡಿದಾಗ ನನ್ನ ಮನಸ್ಸಾಕ್ಷಿ ಚುಚ್ಚಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಅಂಥದ್ದೇನೂ ಆಗಲಿಲ್ಲ. ನಿರಾಳವಾಗಿ ಊಟ ಮಾಡಿದೆ. ಮಾರನೆಯ ದಿನ ಮಾತ್ರ, ಯಾರೂ ಹೇಳದೆ, ನಾನು ಒಂದು ಕೆಲಸ ಮಾಡಿದೆ. ಆ ವಿಳಾಸಕ್ಕೆ ನನ್ನ ಹೆಸರಿನಲ್ಲೇ ಒಂದು ಪರೀಕ್ಷೆ ಕಾರ್ಡು ಹಾಕಿದೆ. ನಾಳೆ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿಗೆ ಬಂದರೆ ನನಗೆ ತಲುಪುತ್ತದೆಯೋ ಇಲ್ಲವೋ ನೋಡಬೇಕಿತ್ತು. ಕೈಗೆ ಅಭ್ಯಾಸವಾಗಿದ್ದ ಹಾಗೆ ಮೂಲೆಯಲ್ಲಿ ಕಳಿಸಿದವರ ವಿಳಾಸವನ್ನೂ ಬರೆದೆ: ಮೇಲ್ ಓವರ್‌ಸಿಯರ್, ಮಧುಗಿರಿ. ಸುಳ್ಳು ಹೇಳುವವನು ಯಾರಾದರೂ ಇಂಥ ಕೆಲಸ ಮಾಡುತ್ತಾನೆಯೇ? ನಮ್ಮ ಕಸುಬಿನವನೊಬ್ಬನೇ ಮಾಡುತ್ತಾನೆ.

ಒಂದು ವಾರದೊಳಗೆ ಕಾರ್ಡು ಬೆಂಗಳೂರಿನ ಚೀಲದಲ್ಲಿ ಮಧುಗಿರಿಗೆ ವಾಪಸು ಬಂತು. ಅಂಚೆ ವಿಂಗಡಿಸುವ ಹೊತ್ತು. ಮೇಜಿನ ಸುತ್ತ ಎಲ್ಲ ಪೋಸ್ಟ್‌ಮನ್ನರೂ ಇದ್ದರು. ಅವರಲ್ಲಿ ಹಿರಿಯವನು ಕಾರ್ಡನ್ನು ತಿರುಗಿಸಿ ನೋಡಿ, ಕನ್ನಡಕ ಹಾಕಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ.

"'ಈ ಹೆಸರಿನವರು ಈ ಮನೆಯಲ್ಲಿ ವಾಸವಿಲ್ಲ. ವಿಚಾರಿಸಿದೆ.' ಸಾ, ನೀವು ಅಲ್ಲಿಲ್ವಂತೆ."

"ಇಲ್ಲಿದಾರಾ ನೋಡ್ಲಾ, ಮುಟ್ಟಿ ನೋಡು" ಅಂದ ಇನ್ನೊಬ್ಬ. ನಗು ಮುಗಿಯುವವರೆಗೆ ವಿಂಗಡಣೆ ನಿಂತಿತ್ತು. ನಾನೂ ನಕ್ಕೆ ಎಂದು ಡೈರಿಯ ಬದಿಯಲ್ಲಿದೆ. ನಕ್ಕಿರಲಾರೆ.

ಕಾರ್ಡು ತೆಗೆದುಕೊಂಡು ಹೊರಗೆ ಬಂದು ಅದನ್ನು ಮತ್ತೆ ಓದಿದೆ. ಬೆಂಗಳೂರಿನ ಆ ಪೋಸ್ಟ್‌ಮನ್ ಯಾರೋ ಗೊತ್ತಿಲ್ಲ. ಬಾಗಿಲು ತಟ್ಟಿದ್ದಾನೆ. ಮನೆಗೆಲಸದವಳು ತೆಗೆದಿರಬೇಕು. ಅವಳನ್ನು ಕೇಳಿದ್ದಾನೆ, ಅವಳು ಅಂಥವರಿಲ್ಲ ಅಂದಿದ್ದಾಳೆ. ತಾರೀಖು ಹಾಕಿ ಸಹಿ ಮಾಡಿದ್ದಾನೆ. ಅಕ್ಷರ ದುಂಡಗಿತ್ತು. ಹಾಗೆ ಬರೆಯಬೇಕೆಂದು ಎಷ್ಟು ಜನರಿಗೆ ನಾನು ಹೇಳಿಕೊಟ್ಟಿದ್ದೆನೋ.

ಪಾವಗಡದ ಕಡೆ ಒಬ್ಬ ಹಳ್ಳಿ ಟಪಾಲಿನವನಿದ್ದ. ಮನೆಗೆ ಹೋಗದೆಯೇ 'ಬಾಗಿಲು ಹಾಕಿತ್ತು' ಎಂದು ಬರೆದು ಕಾಗದ ವಾಪಸು ಮಾಡಿದ್ದ. ನಾನು ಹೋಗಿ ವಿಚಾರಿಸಿ ವರದಿ ಮಾಡಿದೆ. ಅವನನ್ನು ಕೆಲವು ತಿಂಗಳು ಕೆಲಸದಿಂದ ದೂರ ಇಟ್ಟರು. ಅವನ ಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು ತೆಲುಗಿನಲ್ಲಿ, "ಒಕ್ಕ ಮಾಟಕೇನಾ ಸಾಮಿ?" ಎಂದು ಕೇಳಿದ್ದಳು. ಒಂದು ಮಾತಿಗೇನಾ? ಹೌದು, ಒಂದು ಮಾತಿಗೇ ಎಂದು ಉತ್ತರ ಕೊಟ್ಟು ಬಸ್ಸು ಹತ್ತಿದ್ದೆ.

ಭಾನುವಾರ ಭಾಮೈದ ಬಂದ. ಕಾರ್ಡು ತೋರಿಸಿದೆ.

"ಅಯ್ಯೋ, ಅಷ್ಟೇನಾ ಭಾವ. ಆ ಪೋಸ್ಟ್‌ಮ್ಯಾನ್‌ಗೆ ನಾನು ಹೇಳ್ತೀನಿ. ದೀಪಾವಳಿಗೆ ಏನಾದ್ರೂ ಕೈಗಿಟ್ರೆ ಆಯ್ತು. ಮುಂದಿನ ಸಲ ನೀವು ಅಲ್ಲೇ ಇರ್ತೀರಿ."

ಅಲ್ಲಿಯವರೆಗೆ ನನಗಿದ್ದದ್ದು ಸಿಕ್ಕಿಬಿದ್ದ ನಾಚಿಕೆ ಅಷ್ಟೆ. ಈ ಮಾತು ಕೇಳಿದ ಮೇಲೆ ಸಿಟ್ಟು ಬಂತು. ಸರಿಯಾಗಿ ಕೆಲಸ ಮಾಡಿದ ಒಬ್ಬನನ್ನು ನನ್ನ ಕಾರ್ಡಿಗಾಗಿ ಕೆಡಿಸಬೇಕು. ಅವನನ್ನು ಕೆಡಿಸುವ ಅಗತ್ಯ ಯಾಕೆ ಬಂತು? ನಾನು ನನ್ನ ಊರಿನಲ್ಲಿ ಇರುತ್ತೇನೆ ಎನ್ನುವುದರಿಂದ. ಈ ನಾಲ್ಕು ತಾಲ್ಲೂಕಿನಲ್ಲಿ ಸೈಕಲ್ ತುಳಿಯುವುದಕ್ಕೆ ನಾನು ಬೇಕಿತ್ತು, ಕಾಯಿಲೆ ಬೀಳುವುದಕ್ಕೆ ಮಾತ್ರ ಬೆಂಗಳೂರಿಗೆ ಹೋಗಬೇಕು.

"ಬ್ಯಾಡ ಕಣೋ" ಅಂದೆ. "ಆಪರೇಷನ್ ನಾನು ಕೆಲಸದಲ್ಲಿರುವಾಗಲೇ ಆಗಬೇಕು. ಎರಡು ತಿಂಗಳಿದೆ."

ಈ ತೀರ್ಮಾನ ನನ್ನದು ಎಂದು ನಾನು ಹೇಳುತ್ತ ಬಂದಿದ್ದೇನೆ. ಹೆಂಡತಿ ಒಪ್ಪುವುದಿಲ್ಲ. ಒಳಗಿನಿಂದ ಅವಳೇ ಮೊದಲು, "ಎಲ್ಡು ತಿಂಗ್ಳು ಸಾಲದಾ? ನಾನೇನು ನಾಳೇಗೂ ತಯಾರು. ಇನ್ನೊಬ್ರ ಮನೆ ಅಡ್ರೆಸ್ನಾಗೆ ಕುಯ್ಸ್ಕಳಾಕೆ ನಂಗೇನು ಮನೆ ಇಲ್ವಾ" ಅಂದಳಂತೆ. ಇರಬಹುದು. ನನಗೆ ನನ್ನ ಮಾತಷ್ಟೇ ನೆನಪಿದೆ.

ಎರಡು ತಿಂಗಳಿನಲ್ಲಿ ಮಾಡಬೇಕಾದದ್ದು ಇಷ್ಟು. ಮಧುಗಿರಿ ಡಾಕ್ಟರು ನಮ್ಮ ಇಲಾಖೆಯವರಿಗೆ ಗೊತ್ತುಪಡಿಸಿದ ವೈದ್ಯರು. ಅವರು ಶಿಫಾರಸು ಬರೆಯಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಸಾಧ್ಯವಿಲ್ಲ ಎಂದು ಜಿಲ್ಲಾ ಸರ್ಜನ್ನರು ಅದರ ಮೇಲೆ ಸಹಿ ಹಾಕಿದರೆ ಮಾತ್ರ ಬೆಂಗಳೂರಿನ ಆಸ್ಪತ್ರೆಗೆ ಹೋಗಬಹುದು. ಎರಡೂ ಸೇರಿಸಿ ನಮ್ಮ ಮೇಲಧಿಕಾರಿಗಳಿಂದ ಮುಂಗಡ ಅನುಮತಿ ತರಬೇಕು. ಆಸ್ಪತ್ರೆ ದಿನ ಕೊಡಬೇಕು. ಇವು ಒಂದರ ಹಿಂದೆ ಒಂದು ಆಗಬೇಕು. ಹಿಂದುಮುಂದಾದರೆ ಬಿಲ್ಲು ತಿರಸ್ಕಾರ.

ಮೊದಲನೆಯದು ಒಂದು ದಿನಕ್ಕೆ ಆಯಿತು. ಎರಡನೆಯದಕ್ಕೆ ತುಮಕೂರಿಗೆ ಹೋದೆ. ಸರ್ಜನ್ನರು ಇರಲಿಲ್ಲ. ಅದು ಕುಟುಂಬ ಯೋಜನೆ ಶಿಬಿರಗಳ ಕಾಲ. ಒಂದೊಂದು ತಾಲ್ಲೂಕಿಗೂ ಗುರಿ ಕೊಟ್ಟಿದ್ದರು, ಜಿಲ್ಲೆಯ ಸರ್ಜನ್ನರು ವಾರಪೂರ್ತಿ ಜೀಪಿನಲ್ಲೇ ಇರುತ್ತಿದ್ದರು. ಎರಡನೆಯ ಸಲ ಹೋದಾಗ ಶಿರಾದಲ್ಲಿದ್ದರು. ಮೂರನೆಯ ಸಲ, ಕೊರಟಗೆರೆಯಲ್ಲಿ ಶಿಬಿರವಿದೆ ಎಂದು ತಿಳಿದು ದಾರಿಯಲ್ಲೇ ಇಳಿದರೆ ಶಿಬಿರ ಹಿಂದಿನ ದಿನವೇ ಮುಗಿದಿತ್ತು. ಹೀಗೆ ಮೂರು ವಾರ ಹೋದವು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಹೆಂಡತಿಯ ಕಣ್ಣುಗಳು ಹಳದಿಯಾಗಿದ್ದವು. ಒಂದು ಕಲ್ಲು ಜಾರಿ ಪಿತ್ತದ ನಾಳಕ್ಕೆ ಅಡ್ಡ ನಿಂತಿರಬೇಕು ಅಂದರು ಮಧುಗಿರಿ ಡಾಕ್ಟರು. "ಇನ್ನು ತಡ ಮಾಡೋ ಹಾಗಿಲ್ಲ. ಕಾರ್ಡೋ ಗೀರ್ಡೋ, ಏನಾದರೂ ಒಂದು ಮಾಡಿ."

ಆ ದಿನ ಮತ್ತೆ ಫಾರಂ ತೆಗೆದೆ. ಸೀಸದಕಡ್ಡಿಯ ವಿಳಾಸ ಇನ್ನೂ ಹಾಗೇ ಇತ್ತು. ಅದರ ಮೇಲೆ ಶಾಯಿ ಹಾಯಿಸಲು ಪೆನ್ನಿನ ಕ್ಯಾಪು ತೆಗೆದೆ. ಇದನ್ನು ಡೈರಿಯಲ್ಲಿ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಕ್ಯಾಪು ಮತ್ತೆ ಹಾಕಿದ್ದಕ್ಕೆ ಕಾರಣ ಧೈರ್ಯವಲ್ಲ, ಲೆಕ್ಕಾಚಾರ. ಕಾರ್ಡು ನಿವೃತ್ತಿಯಾದ ಮೇಲೆ ತಾನೇ ಬರುವುದು. ಅಷ್ಟು ದಿನ ಆ ಕಲ್ಲು ಕಾಯುವುದಿಲ್ಲ. ರಬ್ಬರು ತೆಗೆದುಕೊಂಡು ವಿಳಾಸವನ್ನು ಉಜ್ಜಿ ಹಾಕಿದೆ.

ಸರ್ಜನ್ನರು ಪಾವಗಡದ ಶಿಬಿರದಲ್ಲಿದ್ದರು. ಮೊದಲನೆಯ ಬಸ್ಸು ಹಿಡಿದೆ. ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ. ಅದರ ಕೆಳಗೆ ಹೆಂಗಸರು ಸಾಲಾಗಿ ಕೂತಿದ್ದರು. ಕೈಯಲ್ಲಿ ಕಾಗದ ಹಿಡಿದು ಸಾಲಿನ ಪಕ್ಕ ನಿಂತ ನನ್ನನ್ನು, ಸೊಸೆಯ ಜೊತೆ ಬಂದಿದ್ದ ಒಬ್ಬ ಮುದುಕಿ ಮೇಲಿಂದ ಕೆಳಗೆ ನೋಡಿದಳು.

"ಏಮಿ ಸಾಮಿ, ಈ ವಯಸ್ನಾಗ ನೀಕೂ ಆಪರೇಷನ್ನಾ?"

"ನಂಗಲ್ಲಮ್ಮ, ನಮ್ಮ ಮನೆಯೋರ್ಗೆ."

"ಆಯಮ್ಮಕಾ?" ಅವಳಿಗೆ ಇನ್ನೂ ಗಾಬರಿಯಾಯಿತು. ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟು ನಕ್ಕಿತು. ಆ ನಗುವಿಗೇ ಸರ್ಜನ್ನರು ಹೊರಗೆ ಬಂದದ್ದು. ಬಂದವರು ಟೀ ಲೋಟ ಕೈಗೆತ್ತಿಕೊಂಡು ನನ್ನ ಕಾಗದ ಓದಿದರು.

"ನೀವು ಇದಕ್ಕೆ ತುಮಕೂರಿಗೆ ಬರಬೇಕು ಯಜಮಾನರೇ."

"ಮೂರು ಸಲ ಬಂದಿದ್ದೆ ಸಾರ್. ನೀವು ಊರೂರು ತಿರುಗ್ತೀರಿ. ನನ್ನ ಕಸುಬೂ ಅದೇ. ಇಲ್ಲಿ ಸಿಕ್ಕಿದ್ರಿ."

"ನಿವೃತ್ತಿ ಯಾವಾಗ?"

ಹೇಳಿದೆ. ಅವರು ಬೆರಳು ಮಡಿಸಿದರು. "ಅಷ್ಟರಲ್ಲಿ ದಿನ ಸಿಗೋದು ಕಷ್ಟ. ಕಾರ್ಡು ಮಾಡಿಸಿಕೊಳ್ಳಬಹುದಲ್ಲ. ಬೆಂಗಳೂರಲ್ಲಿ ಒಂದು ವಿಳಾಸ..."

"ಇಲ್ಲ ಸಾರ್."

"ನೆಂಟರದ್ದು?"

"ನೆಂಟರು ಇದಾರೆ. ಆ ಮನೇಲಿ ನಾನಿಲ್ಲ. ಅದನ್ನ ಬರೆದು ಸಹಿ ಹಾಕಿದ ಕಾಗದವೂ ನನ್ನ ಹತ್ರ ಇದೆ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು, ಕಾಗದ ನೋಡಿದರು. ಟೀ ಲೋಟವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಅಲ್ಲೇ ಸಹಿ ಹಾಕಿದರು. ಕೆಳಗೆ 'ತುರ್ತು' ಎಂದು ಬರೆದು ಅಡಿಗೆರೆ ಎಳೆದರು. ಮೊಹರು ತುಮಕೂರಿನಲ್ಲಿತ್ತು. "ಮೊಹರಿಗೆ ನಾನಿರಬೇಕಾಗಿಲ್ಲ. ಗುಮಾಸ್ತನ ಹತ್ರ ಹೋಗಿ" ಅಂದರು.

ಮೊಹರು ಬಿತ್ತು, ಅನುಮತಿ ಬಂತು. ಬೆಂಗಳೂರಿನ ಆಸ್ಪತ್ರೆ ನನ್ನ ಸೇವೆಯ ಕೊನೆಯ ವಾರದಲ್ಲಿ ದಿನ ಕೊಟ್ಟಿತು. ಉಳಿದಿದ್ದ ರಜೆ ಹಾಕಿದೆ. ಕಚೇರಿಯಲ್ಲಿ ಬೀಳ್ಕೊಡುಗೆಗೆ ಹಾರ, ಖಾರಾಬೂಂದಿ ಎಲ್ಲ ಮಾತಾಡಿದ್ದರಂತೆ. ಹಾರ ಹಾಕಿಸಿಕೊಳ್ಳುವವನು ಇರಲಿಲ್ಲ.

ಆಪರೇಷನ್ ಮೂರು ಗಂಟೆ ಹಿಡಿಯಿತು. ಪಿತ್ತಕೋಶ ತೆಗೆದು, ನಾಳದಲ್ಲಿ ಸಿಕ್ಕಿದ್ದ ಕಲ್ಲನ್ನೂ ತೆಗೆದರು. ನಾಳ ಮಾಯುವವರೆಗೆ ಪಿತ್ತ ಹೊರಗೆ ಹರಿಯಲೆಂದು ಪಕ್ಕೆಯಿಂದ ಒಂದು ರಬ್ಬರು ಕೊಳವೆ ಬಿಟ್ಟು ಬಾಟಲಿಗೆ ಕಟ್ಟಿದ್ದರು. ಹತ್ತು ದಿನ ಅದು ಇರಬೇಕು. ಅವಳಿಗೆ ಎಚ್ಚರವಾದಾಗ ಮೊದಲು ಕೇಳಿದ್ದು, "ಒಡೀದಂಗೆ ತಗದ್ರಾ?" ಎಂದು.

ನಾಲ್ಕನೆಯ ದಿನಕ್ಕೆ ನನ್ನ ನೌಕರಿ ಮುಗಿಯಿತು. ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಗುಮಾಸ್ತ ಪುಸ್ತಕ ಹಿಡಿದು ಮಂಚದ ಹತ್ತಿರ ಬಂದ. ನಿನ್ನೆಯವರೆಗಿನ ಚಿಕಿತ್ಸೆ ಇಲಾಖೆಯ ಲೆಕ್ಕ, ಇವತ್ತಿನಿಂದ ಇವರನ್ನು ಜನರಲ್ ವಾರ್ಡಿಗೆ ಹಾಕಬೇಕು ಅಂದ. ಅವನು ಒರಟಾಗಿ ಹೇಳಲಿಲ್ಲ. ನಿಯಮ ಓದಿ ಹೇಳಿದ. ನಾನು ವಾದಕ್ಕೆ ನಿಂತೆ. ಕಾಯಿಲೆ ಒಂದೇ, ಆಪರೇಷನ್ ಒಂದೇ, ಕೊಳವೆ ಒಂದೇ. ನಿನ್ನೆ ಹರಿದ ಪಿತ್ತಕ್ಕೂ ಇವತ್ತು ಹರಿಯುವ ಪಿತ್ತಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ.

"ತಾರೀಖು ಸಾರ್" ಅಂದ ಅವನು.

"ಹೊಟ್ಟೇಗೇನು ಗೊತ್ತಪ್ಪ ತಾರೀಕು" ಅಂದಳು ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, "ಅವ್ನ ಮೇಲ್ಯಾಕೆ ಕೂಗಾಡ್ತೀರಿ? ಅವ್ನು ಬರ್ದಿದ್ದಾ ಅದು? ಬರ್ದೋರ್ಗೆ ಬರೀರಿ. ಆ ಫಾರಂ ತಂದಿದೀರಾ?"

ಅವಳು ಯಾರ ಕೈಯನ್ನೂ ಹಿಡಿಯದೆ ಮಂಚದಿಂದ ಇಳಿದಳು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈ ಪಕ್ಕೆಯ ಮೇಲೆ. ಗಾಲಿಕುರ್ಚಿ ತರುತ್ತೇನೆ ಎಂದ ನರ್ಸಿಗೆ, "ಬ್ಯಾಡ ಕಣಮ್ಮ, ಅವ್ರು ನೂಕಿದ್ರು ಅಂತ ಆಗಬಾರ್ದು" ಅಂದಳು. ಉದ್ದದ ಪಡಸಾಲೆಯನ್ನು ನಡೆದೇ ದಾಟಿದಳು. ಮೂರು ಕಡೆ ನಿಂತಳು. ನಾನು ಹಿಂದೆ ಹಾಸಿಗೆಯ ಗಂಟು ಹೊತ್ತು ನಡೆದೆ.

ಜನರಲ್ ವಾರ್ಡಿನ ಕಿಟಕಿಯ ಕಟ್ಟೆಯ ಮೇಲೆ ಫಾರಂ ಇಟ್ಟು ಒಂಬತ್ತನೆಯ ಅಂಕಣದಲ್ಲಿ ಶಾಯಿಯಲ್ಲಿ ಮಧುಗಿರಿ ಎಂದು ಬರೆದೆ. ಬೀದಿ, ಮನೆ ನಂಬರು, ಎಲ್ಲ. ಹಿಂಬದಿಯಲ್ಲಿ 'ಇತರೆ ವಿವರ' ಎಂದು ಎರಡು ಗೆರೆ ಜಾಗವಿತ್ತು. ನಾನು ನಿಯಮ, ಉಪನಿಯಮ ಎಂದು ದೊಡ್ಡ ಮನವಿಯೊಂದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅವಳು ಮಲಗಿದ್ದಲ್ಲಿಂದಲೇ ಅಂದಳು:

"ಕಾಯ್ಲೆ ಬೀಳೋದೂ ಮಧುಗಿರೀಲೇ. ಅಷ್ಟು ಬರ್ಕಳಿ, ಸಾಕು."

ಅದನ್ನೇ ಬರೆದು ಸಹಿ ಹಾಕಿ ಕಳಿಸಿದೆ.

ಎರಡು ತಿಂಗಳ ಮೇಲೆ ಫಾರಂ ವಾಪಸು ಬಂತು. ಒಂಬತ್ತನೆಯ ಅಂಕಣದ ಸುತ್ತ ಕೆಂಪು ಪೆನ್ಸಿಲಿನ ಗುರುತು. ಯೋಜನೆಯ ವ್ಯಾಪ್ತಿಯೊಳಗಿನ ವಿಳಾಸ ನೀಡಿ ಮರುಸಲ್ಲಿಸತಕ್ಕದ್ದು ಎಂದು ಪಕ್ಕದಲ್ಲಿ ಬರೆದಿತ್ತು. ನೀವು ಅರ್ಹರಲ್ಲ ಎಂದು ಬರೆದಿದ್ದರೆ ಬಹುಶಃ ಸುಮ್ಮನಾಗುತ್ತಿದ್ದೆನೋ ಏನೋ. ಬೇರೆ ವಿಳಾಸ ಕೊಡಿ ಎಂದು ಅವರೇ ದಾರಿ ತೋರಿಸಿದ್ದರು. ಹೊಸ ಫಾರಂ ತರಿಸಿ ಅದೇ ವಿಳಾಸ, ಅದೇ ಸಾಲು ಬರೆದು ಮತ್ತೆ ಕಳಿಸಿದೆ. ಮತ್ತೆ ಕೆಂಪು ಗುರುತು ಬಿದ್ದು ಬಂತು. ಮತ್ತೆ ಅದನ್ನೇ ಬರೆದು ಕಳಿಸಿದೆ.

ಮೂರನೆಯ ಸಲ ಫಾರಂ ವಾಪಸು ಬರಲಿಲ್ಲ. ಕಾರ್ಡೂ ಬರಲಿಲ್ಲ. ನಾವು ಮಧುಗಿರಿಯಲ್ಲೇ ಇದ್ದೆವು.